ಒಣಗಾಳಿ, ಗಡಸು ನೀರು ಮತ್ತು ಇಸುಬು

ಮಾನ್ಯ ಸಂಪಾದಕರೇ,

ಮಳೆನೆರಳಿನ ಚಿತ್ರದುರ್ಗದಲ್ಲಿ ಚಳಿಗಾಲದ ಒಣಗಾಳಿಗೆ ತುಟಿ, ಹಿಮ್ಮಡಿ ಒಡೆಯುವುದನ್ನು ಎಲ್ಲರೂ ಬಲ್ಲರು. ಆದರೆ ಅದೇ ಗಾಳಿಗೆ ಇಸುಬು, ಅಂದರೆ ಎಕ್ಸಿಮಾ ಇರುವ ಮಕ್ಕಳು ಮೊಣಕೈ ಮತ್ತು ಮಂಡಿಯ ಮಡಿಕೆಗಳನ್ನು ರಕ್ತ ಬರುವಂತೆ ಕೆರೆದುಕೊಳ್ಳುವುದು ಮನೆಯವರಿಗಷ್ಟೇ ಗೊತ್ತು. ಇಂಥವರ ಚರ್ಮದ ಹೊರಪದರ ಮೊದಲೇ ದುರ್ಬಲವಾಗಿದ್ದು, ತೇವವನ್ನು ಹಿಡಿದಿಡಲಾರದು. ಬೇಸಿಗೆಯಲ್ಲಿ ಬೆವರು, ದೂಳು ತುರಿಕೆಯನ್ನು ಕೆರಳಿಸುತ್ತವೆ.

ಇದರ ಜೊತೆಗೆ ಕೊಳವೆಬಾವಿಯ ಗಡಸು ನೀರು. ನೊರೆ ಬಾರದೆಂದು ನಾವು ಸೋಪನ್ನು ಇನ್ನಷ್ಟು ಉಜ್ಜುತ್ತೇವೆ. ತೊಳೆದರೂ ಹೋಗದ ಅದರ ಜಿಡ್ಡು ಚರ್ಮವನ್ನು ಮತ್ತಷ್ಟು ಒಣಗಿಸುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಬೇಗನೆ ಸ್ನಾನ ಮುಗಿಸಿ, ಮೈಯ ಪಸೆ ಆರುವ ಮೊದಲೇ ವೈದ್ಯರು ಹೇಳಿದ ಮುಲಾಮು ಹಚ್ಚುವುದರಿಂದ ನನ್ನ ಮೊಮ್ಮಗಳಿಗೆ ನೆಮ್ಮದಿಯ ನಿದ್ದೆ ಬಂದಿದೆ. ಆದರೂ ಅವಳ ಶಾಲೆಯಲ್ಲಿ ಕೆಲವು ದಿನ ಅವಳನ್ನು ಬೇರೆ ಕೂರಿಸಿದ್ದರು. ಇಸುಬು ಅಂಟುರೋಗವಲ್ಲವೆಂಬುದು ಶಿಕ್ಷಕರಿಗೂ ತಿಳಿಯದಿದ್ದರೆ ಹೇಗೆ?

ಖಾಲಿ ನಿವೇಶನಗಳ ಪಾರ್ಥೇನಿಯಂ, ಅದೇ ನಮ್ಮ ಕಾಂಗ್ರೆಸ್ ಗಿಡ, ಇನ್ನೊಂದು ಪೀಡೆ. ಗಾಳಿಯಲ್ಲಿ ಹಾರುವ ಅದರ ಒಣ ಕಣಗಳೇ ಕೆಲವರ ಮುಖ, ಕತ್ತಿನಲ್ಲಿ ಚರ್ಮದ ಉರಿಯೂತ ತರಬಲ್ಲವು. ನಗರಸಭೆಯವರು ಅದನ್ನು ಹೂ ಬಿಡುವ ಮುನ್ನವೇ ಕೀಳಿಸಬೇಕು, ಕೀಳುವ ಪೌರಕಾರ್ಮಿಕರಿಗೆ ಕೈಗವಸನ್ನೂ ಕೊಡಬೇಕು.

– ಓರ್ವ ಹಿರಿಯ ನಾಗರಿಕ, ಚಿತ್ರದುರ್ಗ