ಉಳುಕು ಎಂದು ಕಳಿಸಿದ ಕಾಲು

ಮಾನ್ಯ ಸಂಪಾದಕರೇ,

ಸರ್ಕಾರಿ ನೌಕರರ ಕ್ರೀಡಾಕೂಟದ ಸುತ್ತೋಲೆ ಮೊನ್ನೆ ನಮ್ಮ ಕಚೇರಿಗೆ ಬಂತು. ಹೆಸರು ಕೊಟ್ಟವರಲ್ಲಿ ನಲವತ್ತು ದಾಟಿದವರೇ ಹೆಚ್ಚು. ಅದನ್ನು ನೋಡಿಯೇ ಈ ಪತ್ರ.

ಕಳೆದ ವರ್ಷ ನಾನೂ ನೂರು ಮೀಟರ್ ಓಟಕ್ಕೆ ನಿಂತಿದ್ದೆ. ವಯಸ್ಸು 44, ವರ್ಷವಿಡೀ ಕುರ್ಚಿ. ಸೀಟಿ ಊದಿ ಮೂರನೇ ಹೆಜ್ಜೆಗೆ ಹಿಮ್ಮಡಿಯ ಮೇಲೆ ಯಾರೋ ಬೂಟುಗಾಲಲ್ಲಿ ಒದ್ದಂತಾಯಿತು. ‘ಯಾವನಲೇ ಅವ’ ಅಂತ ತಿರುಗಿದರೆ ಹಿಂದೆ ಯಾರೂ ಇಲ್ಲ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು ‘ಎಲುಬು ಸರಿ ಐತಿ, ಉಳುಕು’ ಎಂದು ಬ್ಯಾಂಡೇಜು ಸುತ್ತಿ ಕಳಿಸಿದರು. ಕುಂಟುತ್ತಾ ನಡೆಯಲು ಬರುತ್ತಿತ್ತು, ಪಾದವನ್ನು ಕೆಳಕ್ಕೆ ಒತ್ತಲೂ ಅಷ್ಟಿಷ್ಟು ಆಗುತ್ತಿತ್ತು; ನಾನೂ ನಂಬಿದೆ. ಎಣ್ಣೆ ತಿಕ್ಕಿಸಿಕೊಂಡದ್ದೂ ಆಯಿತು. ಎರಡು ತಿಂಗಳಾದರೂ ತುದಿಗಾಲಲ್ಲಿ ನಿಲ್ಲಲಾಗಲಿಲ್ಲ. ಶನಿವಾರ ಶನಿವಾರ ಅಂಜನಾದ್ರಿಯ 575 ಮೆಟ್ಟಿಲು ಹತ್ತುತ್ತಿದ್ದವನಿಗೆ ಮನೆಯ ಮಾಳಿಗೆಯೇ ಬೆಟ್ಟವಾಯಿತು.

ಆಮೇಲೆ ಬಳ್ಳಾರಿಯಲ್ಲಿ ಕಂಡ ಎಲುಬಿನ ವೈದ್ಯರು ಬೋರಲು ಮಲಗಿಸಿ, ಪಾದವನ್ನು ಮಂಚದಾಚೆ ಇಳಿಬಿಟ್ಟು, ಮೀನಖಂಡವನ್ನು ಹಿಂಡಿದರು. ಒಳ್ಳೆಯ ಕಾಲಿನ ಪಾದ ಚಾಚಿಕೊಂಡಿತು, ಇನ್ನೊಂದು ಮಿಸುಕಲಿಲ್ಲ. ಮೀನಖಂಡವನ್ನು ಹಿಮ್ಮಡಿಗೆ ಕಟ್ಟಿರುವ ಅಕಿಲಿಸ್ ಎಂಬ ಹುರಿ ಪೂರಾ ಹರಿದಿತ್ತು. (ನಮ್ಮ ಕಡೆ ಎಲ್ಲವೂ ‘ನರ’ವೇ, ಇದು ನರವಲ್ಲ.) ಎಕ್ಸ್‌ರೇ ಎಲುಬು ತೋರಿಸುತ್ತದೆ, ಹುರಿ ಹರಿದದ್ದನ್ನಲ್ಲ. ಹಿಂಡಿ ನೋಡಲು ಯಂತ್ರವೂ ಬೇಡ, ದುಡ್ಡೂ ಬೇಡ, ಅರ್ಧ ನಿಮಿಷ ಸಾಕು.

ಮೊದಲ ದಿನವೇ ಗೊತ್ತಾಗಿದ್ದರೆ ತುದಿಗೆ ತುದಿ ಸೇರಿಸಿ ಹೊಲಿಯಬಹುದಿತ್ತು. ಹೊಲಿಯದೆ, ಪಾದ ಕೆಳಮುಖ ಮಾಡಿ ಪ್ಲಾಸ್ಟರ್ ಹಾಕುವ ದಾರಿಯೂ ಇತ್ತು. 2022ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನದಲ್ಲಿ ವರ್ಷದ ನಂತರ ಎರಡೂ ಕಡೆಯವರ ಕಾಲು ಹೆಚ್ಚುಕಡಿಮೆ ಒಂದೇ ಥರ ಇದ್ದವು. ಮತ್ತೆ ಹರಿದದ್ದು ಮಾತ್ರ ಪ್ಲಾಸ್ಟರಿನವರಲ್ಲಿ ನೂರಕ್ಕೆ ಆರು, ಹೊಲಿಸಿಕೊಂಡವರಲ್ಲಿ ಒಂದಕ್ಕಿಂತ ಕಡಿಮೆ. ನನಗೆ ಆರಿಸಿಕೊಳ್ಳಲು ಏನೂ ಉಳಿದಿರಲಿಲ್ಲ. ತುದಿಗಳು ದೂರ ಸರಿದಿದ್ದವು. ಹೆಬ್ಬೆರಳು ಮಡಿಸುವ ಹುರಿಯನ್ನು ಕತ್ತರಿಸಿ ತಂದು, ಹಿಮ್ಮಡಿ ಎಲುಬಿಗೆ ತೂತು ಕೊರೆದು, ಸ್ಕ್ರೂ ಹಾಕಿ ಕೂರಿಸಿದರು. ಈಗ ನಡೆಯುತ್ತೇನೆ. ಹವಾಯಿ ಚಪ್ಪಲಿ ಮಾತ್ರ ಆ ಕಾಲಲ್ಲಿ ನಿಲ್ಲುವುದಿಲ್ಲ.

ಮೈದಾನದಲ್ಲಿ ನೋವಿನ ಸ್ಪ್ರೇ ಹಿಡಿದು ನಿಲ್ಲುವವರಿಗೆ ಈ ಒಂದು ಪರೀಕ್ಷೆಯನ್ನು ಸಂಘಟಕರು ಹೇಳಿಕೊಡಿಸಲಿ. ಈ ಸಲ ನಾನು ಟೈಮ್ ಬರೆಯುವ ಮೇಜಿನ ಹತ್ತಿರ ಇರುತ್ತೇನೆ. ‘ಯಾರೋ ಒದ್ದರು’ ಎನ್ನುತ್ತಾ ಕುಂಟಿಕೊಂಡು ಬಂದವರನ್ನು ಮೊದಲು ಬೋರಲು ಮಲಗಿಸುವವನು ನಾನೇ.

– ಒಬ್ಬ ಸರ್ಕಾರಿ ನೌಕರ, ಗಂಗಾವತಿ, ಕೊಪ್ಪಳ ಜಿಲ್ಲೆ