ಹೊಲಿಗೆಗೆ ಮೊದಲು ಬೆರಳು ಮುಟ್ಟಿ ನೋಡಿ

ಮಾನ್ಯ ಸಂಪಾದಕರೇ,

ಕುಡುಗೋಲು, ಮೇವು ಕತ್ತರಿಸುವ ಯಂತ್ರ, ಶಹಾಬಾದ್ ಕಡೆಯ ಫರಸಿ ಕಲ್ಲು ಕತ್ತರಿಸುವ ಮಷಿನ್: ಕೈ ಕೊಯ್ದದ್ದು ಯಾವುದೇ ಇರಲಿ, ಫಿಸಿಯೋಥೆರಪಿಗೆ ಬರುವವರು ನನಗೆ ಹೇಳುವುದು ಒಂದೇ ಮಾತು: “ಗಾಯ ಒಣಗ್ಯದ್ರಿ, ಆದ್ರ ಬೆರಳಿಗೆ ಖಬರೇ ಇಲ್ಲ.” ಚರ್ಮಕ್ಕೆ ಹೊಲಿಗೆ ಬಿದ್ದಿರುತ್ತದೆ. ಅದರಡಿ ತುಂಡಾದ ನರವನ್ನು ಎಷ್ಟೋ ಸಲ ಯಾರೂ ನೋಡಿರುವುದಿಲ್ಲ. ಅವರು ನಮ್ಮಲ್ಲಿಗೆ ಬರುವಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತವೆ.

ಇದು ತಪ್ಪಿಸಬಹುದಾದ ನಷ್ಟ ಎಂಬುದೇ ನನ್ನ ಸಂಕಟ. ಬೆನ್ನುಹುರಿಯಂತಲ್ಲ, ಕೈಕಾಲಿನ ನರ ಮತ್ತೆ ಬೆಳೆಯಬಲ್ಲದು. ಕಡಿದ ಜಾಗದಿಂದ ಆಚೆಯ ತಂತು ನಶಿಸುತ್ತದೆ. ಬ್ರಿಟಿಷ್ ವಿಜ್ಞಾನಿ ಅಗಸ್ಟಸ್ ವಾಲರ್ 1850ರಲ್ಲೇ ಇದನ್ನು ತೋರಿಸಿದ್ದರು. ಆದರೆ ಅದರ ಹೊದಿಕೆ ಮತ್ತು ತಂತುವನ್ನು ಸುತ್ತಿರುವ ಷ್ವಾನ್ ಜೀವಕೋಶಗಳು ಉಳಿದು, ಮೇಲಿನಿಂದ ಚಿಗುರುವ ತಂತುವಿಗೆ ದಾರಿಯಾಗುತ್ತವೆ. ತುದಿಗಳನ್ನು ಜೋಡಿಸದೆ ಬಿಟ್ಟರೆ ಆ ಚಿಗುರು ದಾರಿ ಕಾಣದೆ ಅಲ್ಲೇ ನೋಯುವ ಗಂಟಾಗುತ್ತದೆ.

ಬೆಳವಣಿಗೆಯ ವೇಗ ದಿನಕ್ಕೆ ಸುಮಾರು 1 ಮಿ.ಮೀ. ಮಣಿಕಟ್ಟಿನಲ್ಲಿ ಕಡಿದು ಜೋಡಿಸಿದ ನರ ಬೆರಳ ತುದಿ ಮುಟ್ಟಲು ಅರ್ಧ ವರ್ಷವಾದರೂ ಬೇಕು. ತೋಳಿನ ಮೇಲ್ಭಾಗದಲ್ಲಿ ಕಡಿದಿದ್ದರೆ ಅಂಗೈವರೆಗೆ ವರ್ಷ ದಾಟುತ್ತದೆ. ಇತ್ತ ನರವಿಲ್ಲದ ಸ್ನಾಯು ಒಣಗುತ್ತಲೇ ಇರುತ್ತದೆ. ಒಂದು, ಒಂದೂವರೆ ವರ್ಷ ಕಳೆದ ಮೇಲೆ ನರ ಬಂದು ತಲುಪಿದರೂ ಸ್ನಾಯು ಕದಲುವ ಭರವಸೆ ಕಡಿಮೆ. ಆದ್ದರಿಂದ “ನೋಡೋಣ, ತಾನೇ ಬರಬಹುದು” ಎಂದು ಕೊಯ್ದ ಗಾಯದವರನ್ನು ಮನೆಗೆ ಕಳಿಸುವುದು ಅನ್ಯಾಯ. ಪೆಟ್ಟು ಬಿದ್ದು ನರ ಜಜ್ಜಿದ್ದರೆ ಕಾಯುವುದರಲ್ಲಿ ಅರ್ಥವಿದೆ. ಹರಿತವಾದ ಗಾಯದಲ್ಲಿ ತುಂಡಾಗಿದ್ದರೆ ಕೆಲವೇ ದಿನಗಳಲ್ಲಿ, ಮೈಕ್ರೋಸ್ಕೋಪ್ ಇಟ್ಟು, ಕೂದಲಿಗಿಂತ ತೆಳ್ಳಗಿನ ದಾರದಿಂದ ಜೋಡಿಸಬೇಕು. ನಡುವೆ ಅಂತರ ಬಿದ್ದಿದ್ದರೆ ಕಾಲಿನ ಸೂರಲ್ ನರದ ತುಂಡು ತಂದು ಕೂಡಿಸುತ್ತಾರೆ. ಅದಕ್ಕೆ ಪ್ರತಿಯಾಗಿ ಪಾದದ ಹೊರ ಅಂಚಿನ ಸ್ಪರ್ಶ ಕುಂದುತ್ತದೆ, ನಡಿಗೆಗೆ ತೊಂದರೆಯಿಲ್ಲ.

ಬೈಕಿನಿಂದ ಬಿದ್ದು ಭುಜದ ನರಜಾಲ ಕಿತ್ತುಹೋದ ಹುಡುಗರ ಪಾಡು ಇನ್ನೂ ಕಠಿಣ. ಅವರಿಗೂ 1994ರಲ್ಲಿ ಫ್ರಾನ್ಸಿನ ಸರ್ಜನ್ ಒಬರ್ಲಿನ್ ವಿವರಿಸಿದ ವಿಧಾನವಿದೆ: ಸರಿಯಿರುವ, ಕಿರುಬೆರಳ ಕಡೆಗೆ ಹೋಗುವ ಅಲ್ನಾರ್ ನರದ ಒಂದು ಎಳೆಯನ್ನು ಮೊಣಕೈ ಮಡಚುವ ಸ್ನಾಯುವಿನ ನರಕ್ಕೆ ಸೇರಿಸುವುದು. ಆದರೆ ಆರು ತಿಂಗಳೊಳಗೆ ಸರ್ಜನ್ ಕೈಗೆ ಸಿಕ್ಕರೆ ಮಾತ್ರ ಒಳ್ಳೆಯ ಫಲ.

ನಮ್ಮ ತಾಲ್ಲೂಕು ಆಸ್ಪತ್ರೆಗಳ ವೈದ್ಯರಲ್ಲಿ ವಿನಂತಿ: ಮರಗಟ್ಟಿಸುವ ಇಂಜೆಕ್ಷನ್ ಕೊಡುವ ಮೊದಲು ತೋರುಬೆರಳು, ಕಿರುಬೆರಳ ತುದಿ ಮುಟ್ಟಿ ಕೇಳಿ, ಬೆರಳು ಅಗಲಿಸಲು ಹೇಳಿ, ಕಂಡದ್ದನ್ನು ಚೀಟಿಯಲ್ಲಿ ಬರೆಯಿರಿ. ಇದಕ್ಕೆ ಯಂತ್ರ ಬೇಡ. ಕಲಬುರಗಿ, ಬೀದರ್, ಯಾದಗಿರಿಯ ಸರ್ಕಾರಿ ವೈದ್ಯಕೀಯ ಕಾಲೇಜುಗಳು ನರ ಜೋಡಿಸಬಲ್ಲ ಸರ್ಜನ್ ಎಲ್ಲಿ, ಯಾವ ದಿನ ಸಿಗುತ್ತಾರೆ ಎಂಬುದನ್ನು ಪ್ರತಿ ತಾಲ್ಲೂಕಿಗೂ ತಿಳಿಸಲಿ. ರಸ್ತೆ, ಭವನಗಳಿಗೆ ಹಣ ಕೊಡುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಕೂಲಿಯವರ ಕೈ ಉಳಿಸಲು ಕಲಬುರಗಿಯಲ್ಲಿ ಸುಸಜ್ಜಿತ ಕೈ ಮತ್ತು ನರ ಶಸ್ತ್ರಚಿಕಿತ್ಸಾ ಘಟಕಕ್ಕೂ ಹಣ ಮೀಸಲಿಡಲಿ.

— ಒಬ್ಬ ಫಿಸಿಯೋಥೆರಪಿಸ್ಟ್, ಕಲಬುರಗಿ