ಕಾನ್ಸಾಸ್‌ನಲ್ಲಿರುವ ಗೆಳೆಯನಿಗೊಂದು ಪತ್ರ

ಲೋ ಗೆಳೆಯ,

ನೀನು ದಿನಾ ಕೆಲಸಕ್ಕೆ ಹೋಗುವಾಗ ದಾಟುವ ಸ್ಟೇಟ್ ಲೈನ್ ರೋಡ್ ಬಗ್ಗೆ ಬರೆದಿದ್ದೆಯಲ್ಲ, ಈ ಬದಿ ಕಾನ್ಸಾಸ್, ಆ ಬದಿ ಮಿಸೌರಿ ಅಂತ. ಸುಮ್ನೆ ಕುತೂಹಲಕ್ಕೆ ಆ ಗಡಿಯ ಕಥೆ ಓದಲು ಕೂತೆ. ಈಗ ಅದು ತಲೆಯಿಂದ ಇಳಿಯುತ್ತಲೇ ಇಲ್ಲ.

1854ರಲ್ಲಿ ಕಾನ್ಸಾಸ್ ಇನ್ನೂ ರಾಜ್ಯ ಆಗಿರಲಿಲ್ಲ. ಗುಲಾಮಗಿರಿ ಬೇಕೋ ಬೇಡವೋ ಅಲ್ಲಿನ ಜನರೇ ತೀರ್ಮಾನಿಸಲಿ ಅಂದರು ಸೆನೆಟರ್ ಸ್ಟೀಫನ್ ಡಗ್ಲಸ್. ಕೇಳಲು ಚೆನ್ನಾಗಿದೆ ಅಲ್ವಾ? ಮರುವರ್ಷ ಮಾರ್ಚ್‌ನಲ್ಲಿ ಚುನಾವಣೆ ನಡೆದಾಗ ಗುಲಾಮಗಿರಿ ಇದ್ದ ಮಿಸೌರಿಯವರು, ಇಲ್ಲೂ ಅದು ಬರಲಿ ಅಂತ, ಬಂದೂಕು ಹಿಡಿದು ಗುಂಪುಗುಂಪಾಗಿ ಅದೇ ಗಡಿ ದಾಟಿ ಬಂದು ವೋಟು ಹಾಕಿ ವಾಪಸ್ ಹೋದರು. ಗಣತಿಯಲ್ಲಿದ್ದ ಮತದಾರರು 2,905. ಬಿದ್ದ ವೋಟು 6,000ಕ್ಕೂ ಜಾಸ್ತಿ! 1856ರ ಮೇನಲ್ಲಿ ಗುಲಾಮಗಿರಿ ಪರದ ಗುಂಪು ವಿರೋಧಿಗಳೇ ಹೆಚ್ಚಿದ್ದ ಲಾರೆನ್ಸ್ ಊರಿಗೆ ನುಗ್ಗಿ ಹೋಟೆಲ್ ಸುಟ್ಟರು, ಪತ್ರಿಕೆಗಳ ಅಚ್ಚಿನ ಮೊಳೆಗಳನ್ನು ನದಿಗೆ ಎಸೆದರು.

1857ರ ಡಿಸೆಂಬರ್‌ನ ಮತಚೀಟಿ ಹೇಗಿತ್ತು ಗೊತ್ತಾ? ಗುಲಾಮಗಿರಿ ಪರದವರು ಲೆಕಾಂಪ್ಟನ್ ಊರಲ್ಲಿ ಕಾನ್ಸಾಸ್‌ಗೆಂದು ಬರೆದ ಸಂವಿಧಾನ 'ಗುಲಾಮಗಿರಿ ಸಮೇತ' ಬೇಕೋ, 'ಗುಲಾಮಗಿರಿ ಇಲ್ಲದೆ' ಬೇಕೋ, ಅಷ್ಟೇ. ಆ ಸಂವಿಧಾನವೇ ಬೇಡ ಅನ್ನಲು ಜಾಗವಿಲ್ಲ. 'ಇಲ್ಲದೆ' ಗೆದ್ದರೂ ಆಗಲೇ ಅಲ್ಲಿದ್ದ ಗುಲಾಮರು ಗುಲಾಮರೇ. ಮುಂದಿನ ತಿಂಗಳು ಇನ್ನೊಂದು ಮತದಾನ ನಡೆದು, 10,226 ಜನ ಅದು ಬೇಡವೇ ಬೇಡ ಅಂದರು. ಓದಿ ಎಷ್ಟು ಖುಷಿಯಾಯಿತು ಅಂತೀಯ.

ಆದರೆ ಈ ಬೇಡ ಅಂದ ಬಣದ ಹಿಂದಿನ ಕಥೆಯೂ ಇದೆ. 1855ರಲ್ಲಿ ಅವರು ಟೊಪೀಕಾದಲ್ಲಿ ತಮ್ಮದೇ ಸಂವಿಧಾನ ಬರೆದು, ಗುಲಾಮಗಿರಿ ಕೂಡದು ಅಂದರು. ಜೊತೆಗೇ ಇನ್ನೊಂದು ಪ್ರಶ್ನೆ ಇಟ್ಟರು: ಸ್ವತಂತ್ರ ಕಪ್ಪು ಜನರನ್ನೂ ಒಳಗೆ ಬಿಡಬಾರದು ಅನ್ನೋ ನಿಯಮ ಬೇಕೇ? ಬಹುಮತ ಬಿಡಬಾರದು ಅಂತಲೇ ಬಂತು. ಅವರಲ್ಲಿ ಎಷ್ಟೋ ಜನರಿಗೆ ಬೇಕಿದ್ದದ್ದು ತಮ್ಮ ಜಮೀನು, ತಮ್ಮ ದುಡಿಮೆಗೆ ಬೆಲೆ. ಬೇರೆಯವರ ಬಿಡುಗಡೆ ಆಮೇಲಿನ ಮಾತು.

ಅಲ್ಲಿಗೆ ಪುಸ್ತಕ ಮುಚ್ಚಿಟ್ಟೆ ಕಣೋ. ನಾನು ಅಲ್ಲಿದ್ದಿದ್ದರೆ ಅವರ ಪಕ್ಕದಲ್ಲೇ ನಿಂತಿರುತ್ತಿದ್ದೆ, ಮೊದಲ ಪ್ರಶ್ನೆಗೆ ಜೋರಾಗಿ ಬೇಡ ಅಂದು, ನ್ಯಾಯವಂತ ಅನ್ನಿಸಿಕೊಂಡು, ಎರಡನೇ ಚೀಟಿಗೆ ಮೆಲ್ಲಗೆ ಹೂಂ ಅಂದುಬಿಡುತ್ತಿದ್ದೆನೇನೋ ಅನ್ನಿಸಿ ಭಯವಾಯಿತು. ಗುಲಾಮರ ಕೈಗಂತೂ ಯಾವ ಸಲವೂ ಚೀಟಿ ಕೊಟ್ಟಿರಲಿಲ್ಲ. 1861ರಲ್ಲಿ ಕಾನ್ಸಾಸ್ ಗುಲಾಮಗಿರಿ ಇಲ್ಲದ ರಾಜ್ಯವಾಯಿತು, ಆಗಲೂ ರಾಜ್ಯದ ಚುನಾವಣೆಗಳಲ್ಲಿ ವೋಟು ಬಿಳಿ ಗಂಡಸರಿಗೆ ಮಾತ್ರ. ಇದನ್ನು ನಿನಗಷ್ಟೇ ಹೇಳಬೇಕು ಅಂದುಕೊಂಡಿದ್ದೆ, ಎಲ್ಲರೆದುರೇ ಬರೆದುಬಿಟ್ಟೆ.

ಇರಲಿ. ಅಮ್ಮ ಚಟ್ನಿಪುಡಿ ಮಾಡಿದ್ದಾರೆ, ಈ ವಾರ ಪಾರ್ಸೆಲ್ ಹಾಕುತ್ತೇನೆ. ಈ ಸಲ ಎರಡು ಕವರ್ ಸುತ್ತಿಸುತ್ತೇನೆ, ಅರಸೀಕೆರೆ ಪ್ರಸಂಗ ಮತ್ತೆ ಬೇಡಪ್ಪಾ. ಮಗಳಿಗೆ ಒಂದು ಮುತ್ತು ಕೊಡು.

ನಿನ್ನ,
ಕೊನೇ ಬೆಂಚಿನವನು